ಒಬ್ಬರ ಕಣ್ಣು, ಲೋಕದ ದೀಪ: ಮೆಕ್ಯಾಡಮ್ ದೀರ್ಘವೃತ್ತಗಳ ಮರುಓದು

ಹೈ-ಪವರ್ ಎಲ್‌ಇಡಿಗಳನ್ನು ಹೋಲಿಸುವ ಕೈಪಿಡಿಗಳಲ್ಲಿ ಒಂದು ಮಾತು ಪುಟದಿಂದ ಪುಟಕ್ಕೆ ನಕಲಾಗುತ್ತ ಬಂದಿದೆ: ಒಂದು ‘ಮೆಕ್ಯಾಡಮ್ ಸ್ಟೆಪ್’ ಎಂದರೆ ಮನುಷ್ಯನ ಕಣ್ಣು ಗುರುತಿಸಬಲ್ಲ ಅತಿ ಸಣ್ಣ ಬಣ್ಣದ ವ್ಯತ್ಯಾಸ. ಇದಕ್ಕೆ ಆಧಾರವೆಂದು ತೋರಿಸುವುದು ಡೇವಿಡ್ ಮೆಕ್ಯಾಡಮ್ 1942ರಲ್ಲಿ ಪ್ರಕಟಿಸಿದ ಪ್ರಬಂಧವನ್ನು. ಅದನ್ನು ತೆರೆದು ಓದಿದವರು ಹೀಗೆ ಬರೆಯಲಾರರು.

ಕೊಡಾಕ್‌ನಲ್ಲಿ ಸಂಶೋಧಕರಾಗಿದ್ದ ಮೆಕ್ಯಾಡಮ್, ವರ್ಣನಕ್ಷೆಯಲ್ಲಿ ಒಂದೊಂದು ಬಣ್ಣದ ಸುತ್ತ ಬರೆದ ತಮ್ಮ ದೀರ್ಘವೃತ್ತಗಳಿಗೆ ಆರಿಸಿಕೊಂಡ ಅಳತೆ ಬೇರೆ. ನಡುವೆ ಸೀಳಿದ ಬೆಳಕಿನ ಬಿಲ್ಲೆಯಲ್ಲಿ ಒಂದು ಬದಿಯ ಬಣ್ಣವನ್ನು ಇನ್ನೊಂದಕ್ಕೆ ಹೊಂದಿಸಲು ವೀಕ್ಷಕರಿಗೆ ಹೇಳಿ, ಆ ಹೊಂದಿಕೆಗಳು ಎಷ್ಟು ಚದರುತ್ತವೆ ಎಂಬುದನ್ನು, ಅಂದರೆ ಮಾನಕ ವಿಚಲನೆಯನ್ನು, ಅವರು ದಾಖಲಿಸಿದರು. ಎಷ್ಟು ಸಲ ಮಾಡಿದರೂ ಹೆಚ್ಚು ಸ್ಥಿರವಾಗಿ ನಿಲ್ಲುವ ಅಳತೆ ಇದು ಎಂಬುದು ಅವರ ಕಾರಣ. ಕಣ್ಣಿಗೆ ಆಗಷ್ಟೇ ಗೋಚರಿಸುವ ವ್ಯತ್ಯಾಸ ಇದರ ಸುಮಾರು ಮೂರು ಪಟ್ಟು. ಕೈಪಿಡಿಕಾರರು ಈ ಮೂರನ್ನು ನುಂಗಿಹಾಕಿದ್ದಾರೆ.

ವೀಕ್ಷಕರಾದರೂ ಎಷ್ಟು ಜನ? ದೀರ್ಘವೃತ್ತಗಳೆಲ್ಲ ಒಬ್ಬರವೇ: ಪರ್ಲಿ ನಟಿಂಗ್ ಜೂನಿಯರ್. ಇಪ್ಪತ್ತೈದು ಬಣ್ಣಗಳ ಸುತ್ತ ಅವರು ಮಾಡಿದ ಹೊಂದಿಕೆಗಳು ಸುಮಾರು 25,000. ನೋಡಿದ್ದು ಒಂದೇ ಕಣ್ಣಿನಿಂದ, 2.6 ಮಿಲಿಮೀಟರ್ ಕಿಂಡಿಯ ಮೂಲಕ, 2 ಡಿಗ್ರಿ ಅಗಲದ ಬಿಲ್ಲೆಯನ್ನು. ಪ್ರಭೆ 15 ಮಿಲಿಲ್ಯಾಂಬರ್ಟ್, ಇಂದಿನ ಲೆಕ್ಕದಲ್ಲಿ ಚದರ ಮೀಟರಿಗೆ ಸುಮಾರು 48 ಕ್ಯಾಂಡೆಲಾ. ಸುತ್ತಲಿನ ಹಿನ್ನೆಲೆ ಹಗಲಿನ ಬಿಳುಪಿನದು. ಈ ಅಂಕಿಗಳನ್ನು 2700 ಕೆಲ್ವಿನ್ ಹಳದಿ ಬೆಳಕಿನ ಅಂಗಡಿಗೋಡೆಗೆ ಯಥಾವತ್ತಾಗಿ ಅನ್ವಯಿಸುವುದು ಮೆಕ್ಯಾಡಮ್ ಅವರ ತಪ್ಪಲ್ಲ.

ಹಾಗೆಂದು ‘ಒಬ್ಬರ ಕಣ್ಣು, ಬಿಸಾಡಿ’ ಎನ್ನುವವರದೂ ಅವಸರವೇ. 1957ರಲ್ಲಿ ಡಬ್ಲ್ಯು. ಆರ್. ಜೆ. ಬ್ರೌನ್ ಹನ್ನೆರಡು ವೀಕ್ಷಕರ ಫಲಿತಾಂಶ ಪ್ರಕಟಿಸಿದರು. ದೀರ್ಘವೃತ್ತಗಳ ಗಾತ್ರ ಆಳಿನಿಂದ ಆಳಿಗೆ ಬದಲಾದರೂ ಒಟ್ಟು ಚಿತ್ರ ಕುಸಿಯಲಿಲ್ಲ. (ಮೆಕ್ಯಾಡಮ್‌ರನ್ನು ತಳ್ಳಿಹಾಕುವವರಲ್ಲಿ ಬ್ರೌನ್‌ರನ್ನು ಓದಿದವರು ಕಡಿಮೆ.)

ಪ್ರಖರತೆಯ ಹೋಲಿಕೆಯಲ್ಲಿ ಗೊಂದಲ ಇಷ್ಟು ಆಳವಲ್ಲ. ಮೊದಲ ತಲೆಮಾರಿನ ಹೈ-ಪವರ್ ಡಯೋಡುಗಳ ಲ್ಯೂಮೆನ್ ಅಂಕಿಗಳು 350 ಮಿಲಿಆಂಪಿಯರ್, ಜಂಕ್ಷನ್ ಉಷ್ಣತೆ 25 ಡಿಗ್ರಿ ಎಂಬ ಸುಖದ ಸ್ಥಿತಿಯವು. ಮುಂದೆ 85 ಡಿಗ್ರಿಯ ಅಂಕಿಗಳು ಬಂದಾಗ ಅರ್ಧ ಜಗಳ ಮುಗಿಯಿತು. ಆದರೆ ಕರೆಂಟ್ ಹೆಚ್ಚಿಸಿದರೆ ದಕ್ಷತೆ ಇಳಿಯುವುದಷ್ಟೇ ಅಲ್ಲ, ನೀಲಿ ಚಿಪ್ಪಿನ ತರಂಗಾಂತರವೂ ಕಿರಿದಾಗುತ್ತದೆ. ಬಿಸಿಯೇರಿದರೆ ಅದೇ ಹಿಗ್ಗುತ್ತದೆ. ಹಳದಿ ಫಾಸ್ಫರ್ ಹೀರುವ ನೀಲಿಯ ಪಾಲು ಬದಲಾಗಿ ಬಿಳಿಯೇ ಸರಿಯುತ್ತದೆ. ಆದ್ದರಿಂದ ಕರೆಂಟನ್ನೂ ಉಷ್ಣತೆಯನ್ನೂ ಹೇಳದೆ ‘ಮೂರು ಸ್ಟೆಪ್’ ಎಂದರೆ ಅದು ಕಾರ್ಖಾನೆಯಲ್ಲಿ ಬಿನ್ ಮಾಡಿದ, ಅಂದರೆ ಬಣ್ಣದ ಪ್ರಕಾರ ವಿಂಗಡಿಸಿದ, ಗಳಿಗೆಯ ಸಂಗತಿ ಮಾತ್ರ. ಅಲ್ಲಿಯೂ ಒಂದು ತೊಡಕಿದೆ: ಮೂರು ಸ್ಟೆಪ್ಪಿನ ದೀರ್ಘವೃತ್ತದ ಎದುರುಬದುರು ಅಂಚುಗಳಲ್ಲಿ ಕೂತ ಎರಡು ಡಯೋಡುಗಳ ನಡುವಿನ ಅಂತರ ಆರು ಸ್ಟೆಪ್. ಪೆಟ್ಟಿಗೆಯ ಮೇಲೆ ಅಚ್ಚಾಗುವುದು ಮೂರೇ.

ಅಂತರರಾಷ್ಟ್ರೀಯ ಬೆಳಕು ಆಯೋಗ, ಸಿಐಇ, 2014ರ ತಾಂತ್ರಿಕ ಟಿಪ್ಪಣಿಯಲ್ಲಿ ದೀರ್ಘವೃತ್ತದ ಬದಲು 1976ರ ವರ್ಣನಕ್ಷೆಯ ಮೇಲೆ ವೃತ್ತವನ್ನು ಸೂಚಿಸಿತು: ಸ್ಟೆಪ್ಪಿಗೆ 0.0011 ತ್ರಿಜ್ಯ. ಬಿಳಿ ಬೆಳಕಿನ ವಲಯದಲ್ಲಿ ಇದು ಹಳೆಯ ಸ್ಟೆಪ್ಪಿಗೆ ಹತ್ತಿರದ ಅಳತೆಯೇ. ಲೆಕ್ಕ ಸುಲಭವಾಯಿತು, ನಟಿಂಗ್ ನಿವೃತ್ತರಾಗಲಿಲ್ಲ. ಇದೇ ಕೋಲಿನಿಂದ ಅಮೆರಿಕದ ಇಂಧನ ಉಳಿತಾಯದ ಮುದ್ರೆಯಾದ ಎನರ್ಜಿ ಸ್ಟಾರ್‌ನ ದೀಪಗಳ ನಿಯಮವನ್ನು ಅಳೆಯಬಹುದು. ಮೊದಲ 6,000 ಗಂಟೆಗಳಲ್ಲಿ ದೀಪದ ಬಣ್ಣ 0.007ರ ಒಳಗೆ ಸರಿಯಲು ಅದು ಅವಕಾಶ ಕೊಟ್ಟಿತು. ಅಂದರೆ ಆರು ಸ್ಟೆಪ್ಪಿಗೂ ತುಸು ಹೆಚ್ಚು. ಮೂರು ಸ್ಟೆಪ್ಪೊಳಗೆ ಹುಟ್ಟಿದ ಎರಡು ದೀಪಗಳು, ಒಂದು ನೀಲಿಯತ್ತ ಇನ್ನೊಂದು ಹಳದಿಯತ್ತ ವಾಲಿ, ಪಕ್ಕಪಕ್ಕದಲ್ಲೇ ಬೇರೆಬೇರೆಯಾಗಿ ಕಂಡರೂ ಎರಡೂ ಆ ನಿಯಮದೊಳಗೇ ಇರುತ್ತಿದ್ದವು.