ಗಣಕಜಾಲದ ಶಾನುಭೋಗರು



ಸ್ವಂತ ಡಿಸ್ಕ್ ಇಲ್ಲದ ಗಣಕಯಂತ್ರವು ಹೇಗೆ ಎಚ್ಚರಗೊಳ್ಳುತ್ತದೆ ಎಂಬುದರ ಇತಿಹಾಸವನ್ನು ಇಂದು ಸ್ಥೂಲವಾಗಿ ಅವಲೋಕಿಸೋಣ. ಗ್ರಂಥಾಲಯ, ಕಚೇರಿಗಳಲ್ಲಿ ನಾವು ಕಾಣುವ ‘ಥಿನ್ ಕ್ಲೈಂಟ್’ ಎಂಬ ಪುಟ್ಟ ಪೆಟ್ಟಿಗೆಗಳ ಕೆಲಸವೆಲ್ಲ ನಡೆಯುವುದು ಬೇರೆಡೆಯಿರುವ ಸರ್ವರಿನಲ್ಲಿ. ಅವುಗಳಲ್ಲಿ ಹಲವು ತಮ್ಮ ಮೊದಲ ತಂತ್ರಾಂಶವನ್ನೂ ಜಾಲದಿಂದಲೇ ಪಡೆಯುತ್ತವೆ.

ವಿದ್ಯುತ್ತು ಹರಿದೊಡನೆ ಇಂಥ ಯಂತ್ರಕ್ಕೆ ತನ್ನ ನೆಟ್‌ವರ್ಕ್ ಕಾರ್ಡಿನಲ್ಲಿ ಕಾರ್ಖಾನೆಯವರು ಬರೆದಿಟ್ಟ ಸಂಖ್ಯೆಯೊಂದೇ ಗೊತ್ತು. ತನ್ನ ವಿಳಾಸ ಯಾವುದು, ಯಾರನ್ನು ಕೇಳಬೇಕು, ಯಾವ ಕಡತವನ್ನು ತರಬೇಕು ಎಂಬುದು ತಿಳಿಯದು. 1984ರಲ್ಲಿ ಸ್ಟ್ಯಾನ್‌ಫರ್ಡ್‌ನ ವಿದ್ವಾಂಸರು ಪ್ರಕಟಿಸಿದ ‘ರಾರ್ಪ್’ ವಿಧಾನವು ವಿಳಾಸವನ್ನಷ್ಟೇ ತಿಳಿಸುತ್ತಿತ್ತು. 1985ರ ಸೆಪ್ಟೆಂಬರಿನಲ್ಲಿ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ಪ್ರಕಟಿಸಿದ ‘ಬೂಟ್‌ಪಿ’ಯು ವಿಳಾಸ, ಸರ್ವರ್, ಕಡತದ ಹೆಸರು ಮೂರನ್ನೂ ಒಂದೇ ಉತ್ತರದಲ್ಲಿ ನೀಡಿತು. ಬಳಿಕ ‘ಟಿಎಫ್‌ಟಿಪಿ’ ಎಂಬ ಸರಳ ವಿಧಾನವು 512 ಬೈಟುಗಳ ತುಣುಕುಗಳಲ್ಲಿ ಕಡತವನ್ನು ಸಾಗಿಸುತ್ತಿತ್ತು. ಒಂದು ತುಣುಕು ತಲುಪಿತೆಂಬ ಮರುನುಡಿ ಬಂದ ಮೇಲೆಯೇ ಮುಂದಿನದು.

ಆದರೆ ಯಾವ ಬಾಗಿಲನ್ನು ತಟ್ಟಬೇಕು? ಸರ್ವರಿಗೆ 67, ಕೇಳುವ ಯಂತ್ರಕ್ಕೆ 68, ಟಿಎಫ್‌ಟಿಪಿಗೆ 69 ಎಂಬ ದ್ವಾರಸಂಖ್ಯೆಗಳನ್ನು ಎಲ್ಲ ತಯಾರಕರೂ ಒಪ್ಪಿದ್ದರಿಂದಲೇ ಒಬ್ಬರ ಯಂತ್ರವು ಇನ್ನೊಬ್ಬರ ಸರ್ವರಿನಿಂದ ಎಚ್ಚರಗೊಳ್ಳಬಲ್ಲದು. ಈ ಒಪ್ಪಂದದ ಖಾತೆಪುಸ್ತಕವಿದ್ದುದು ನಮ್ಮ ಲಾಸ್ ಏಂಜಲೀಸ್ ಪ್ರಾಂತದಲ್ಲಿಯೇ ಎಂಬುದು ನಮ್ಮಲ್ಲಿ ಹಲವರಿಗೆ ಹೊಸ ವಿಷಯವಾಗಬಹುದು.

ಪಸಡೀನಾಕ್ಕೆ ಹೊಂದಿಕೊಂಡಿರುವ ಆಲ್ಟಡೀನಾದಲ್ಲಿ 1943ರಲ್ಲಿ ಜನಿಸಿದ ಜಾನ್ ಪೋಸ್ಟೆಲ್, ಯು.ಸಿ.ಎಲ್.ಎ.ಯಲ್ಲಿ ವ್ಯಾಸಂಗ ಮಾಡಿದವರು. ಸಂಖ್ಯೆಗಳನ್ನು ಹಂಚಲು ಒಬ್ಬರು ಇರಬೇಕೆಂದು 1972ರ ಮೇ ತಿಂಗಳಲ್ಲಿ ಅವರು ಸೂಚಿಸಿದರು; ಆ ಹೊಣೆ ಅವರಿಗೇ ಬಂದಿತು. 1977ರಿಂದ ಮರೀನಾ ಡೆಲ್ ರೇಯಲ್ಲಿರುವ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧನಾಲಯದಲ್ಲಿದ್ದುಕೊಂಡು, ಜಾಯ್ಸ್ ರೆನಾಲ್ಡ್ಸ್ ಅವರೊಡನೆ ಆ ಪಟ್ಟಿಯನ್ನು ಪರಿಷ್ಕರಿಸುತ್ತ ಬಂದರು. ನಮ್ಮ ಹಳ್ಳಿಗಳ ಶಾನುಭೋಗರು ಹೊಲಗಳ ಲೆಕ್ಕವಿಟ್ಟಂತೆ ಅವರು ಸಂಖ್ಯೆಗಳ ಲೆಕ್ಕವಿಟ್ಟರು. ವ್ಯತ್ಯಾಸವಿಷ್ಟೆ: ಈ ಕಡತವನ್ನು ಯಾರು ಬೇಕಾದರೂ ಓದಬಹುದಿತ್ತು. 1998ರ ಅಕ್ಟೋಬರ್ 16ರಂದು ಅವರು ನಿಧನರಾದರು.

ಅವರ ನಂತರವೂ ಪಟ್ಟಿ ನಿಲ್ಲಲಿಲ್ಲ. 1993ರ ‘ಡಿಎಚ್‌ಸಿಪಿ’ ಬೂಟ್‌ಪಿಯ ದ್ವಾರಗಳನ್ನೇ ಬಳಸಿಕೊಂಡಿತ್ತು. 1999ರ ಸೆಪ್ಟೆಂಬರಿನಲ್ಲಿ ಇಂಟೆಲ್ ಪ್ರಕಟಿಸಿದ ‘ಪಿಎಕ್ಸ್‌ಇ’ 2.1 ಅದರ ಮೇಲೆಯೇ ನಿಂತಿತು. ಇಂದಿಗೂ ವ್ಯವಸ್ಥಾಪಕರು 66ನೆಯ ಆಯ್ಕೆಯಲ್ಲಿ ಸರ್ವರಿನ ಹೆಸರನ್ನೂ 67ನೆಯದರಲ್ಲಿ ಕಡತದ ಹೆಸರನ್ನೂ ತುಂಬುತ್ತಾರೆ. ಹಳೆಯ ಬಯೋಸ್ ಯಂತ್ರಕ್ಕೂ ಹೊಸ ಯುಇಎಫ್‌ಐ ಯಂತ್ರಕ್ಕೂ ಬೇರೆ ಬೇರೆ ಕಡತ ಬೇಕಾದುದರಿಂದ, ತಾನು ಯಾವ ಬಗೆಯದೆಂದು ಯಂತ್ರವೇ 93ನೆಯ ಆಯ್ಕೆಯಲ್ಲಿ ಹೇಳಿಕೊಳ್ಳುತ್ತದೆ. 66, 67 ಎಂಬ ಈ ಆಯ್ಕೆಗಳನ್ನು ಅದೇ ಅಂಕೆಯ ದ್ವಾರಗಳೆಂದು ಭಾವಿಸಬಾರದು. ಅವು ಬೇರೆ ಪಟ್ಟಿಗೆ ಸೇರಿದವು.

ಒಂದು ಕೊರತೆಯನ್ನು ಇಲ್ಲಿ ಮರೆಯಬಾರದು. ಕೂಗಿ ಕೇಳುವ ಯಂತ್ರಕ್ಕೆ ಉತ್ತರ ಕೊಟ್ಟವರು ಸಾಚಾ ಎಂದು ಈ ಹಳೆಯ ವಿಧಾನಗಳು ಪರೀಕ್ಷಿಸುವುದಿಲ್ಲ. ಅದೇ ಜಾಲದಲ್ಲಿರುವ ವಂಚಕನು ಮೊದಲು ಉತ್ತರಿಸಿದರೆ, ಯಂತ್ರವು ಅವನ ಕೈವಶವಾಗಬಹುದು. ಬಂದ ಕಡತದ ಸಹಿಯನ್ನು ಪರೀಕ್ಷಿಸುವ ‘ಸೆಕ್ಯೂರ್ ಬೂಟ್’ ಬಳಕೆಗೆ ಬಂದದ್ದು ಬಹಳ ತಡವಾಗಿ. ಯಾವ ಬಾಗಿಲನ್ನು ತಟ್ಟಬೇಕೆಂಬುದನ್ನು ಪಟ್ಟಿಯು ಹೇಳಬಲ್ಲದು. ಒಳಗಿರುವವರು ನಂಬಿಗಸ್ತರೇ ಎಂಬುದನ್ನು ನಾವೇ ವಿಚಾರಿಸಿಕೊಳ್ಳಬೇಕು. ಪೋಸ್ಟೆಲ್ ಅವರ ತಲೆಮಾರು ಪರಸ್ಪರ ಪರಿಚಯದ ನಂಬಿಕೆಯಿಂದ ಕಟ್ಟಿದ ಜಾಲವನ್ನು, ಪರಿಚಯವೇ ಇಲ್ಲದ ಕೋಟ್ಯಂತರ ಜನರ ನಡುವೆ ಉಳಿಸಿಕೊಳ್ಳುವ ಹೊಣೆ ನಮ್ಮದು.