ತರತಮದ ಪೂರ್ವವೃತ್ತ

ಅಥಣಿಯ ಪೇಟೆಯಲ್ಲಿ ಚಪ್ಪಲಿಯ ಅಟ್ಟೆಯನ್ನು ಬಗ್ಗಿಸಿ ನೋಡಿದ ಗಿರಾಕಿಯು ‘ಇದಕ್ಕಿಂತ ಅದ ಛಲೋ ಐತಿ’ ಎನ್ನುವಾಗಲೂ, ನಿಪ್ಪಾಣಿಯ ವಖಾರಿಯಲ್ಲಿ ತಂಬಾಕಿನ ಎಲೆಯನ್ನು ಮೂಸಿದ ದಲಾಲನು ‘ಎಲ್ಲಾದ್ರಾಗ ಇದ ಕಡಕ್’ ಎಂದು ತೀರ್ಪು ಕೊಡುವಾಗಲೂ, ವೈಯಾಕರಣರು ಬಹುಕಾಲ ಚರ್ಚಿಸಿದ ಎರಡು ವಿಧಿಗಳು ಅವರ ಬಾಯಲ್ಲಿ ಅನಾಯಾಸವಾಗಿ ಪಾಲಿತವಾಗುತ್ತಿರುತ್ತವೆ.

ಕ್ರಿಸ್ತಶಕ ನಾಲ್ಕನೆಯ ಶತಮಾನದ ದೊನಾತುಸನು ಬಾಲಕರಿಗಾಗಿ ರಚಿಸಿದ ಲ್ಯಾಟಿನ್ ಕಿರುವ್ಯಾಕರಣವು ವಿಶೇಷಣಕ್ಕೆ ಮೂರು ಅವಸ್ಥೆಗಳನ್ನು ವಿಧಿಸಿತು: ದೊಕ್ತುಸ್ ಎಂದರೆ ವಿದ್ವಾಂಸ, ದೊಕ್ತಿಯೊರ್ ಎಂದರೆ ಮತ್ತೊಬ್ಬನಿಗಿಂತ ವಿದ್ವಾಂಸ, ದೊಕ್ತಿಸ್ಸಿಮುಸ್ ಎಂದರೆ ಸರ್ವರಲ್ಲಿ ವಿದ್ವಾಂಸ. ಇವುಗಳಲ್ಲಿ ಎರಡನೆಯದಕ್ಕೆ ಪಂಚಮೀ ವಿಭಕ್ತಿಯೂ ಮೂರನೆಯದಕ್ಕೆ ಷಷ್ಠೀ ಬಹುವಚನವೂ ಜೊತೆಗೂಡತಕ್ಕವು. ಅವನಿಗಿಂತ ಎಷ್ಟೋ ಶತಮಾನಗಳ ಹಿಂದೆಯೇ ಪಾಣಿನಿಯು ಅಷ್ಟಾಧ್ಯಾಯಿಯ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ, 41 ಮತ್ತು 42ನೆಯ ಸೂತ್ರಗಳಾಗಿ, ಗುಂಪಿನಿಂದ ಒಂದನ್ನು ಆರಿಸುವಾಗ ಷಷ್ಠಿ ಅಥವಾ ಸಪ್ತಮಿಯನ್ನೂ, ಬೇರೆಯೇ ಆದ ಎರಡನ್ನು ಹೋಲಿಸುವಾಗ ಪಂಚಮಿಯನ್ನೂ ಅಕ್ಕಪಕ್ಕದಲ್ಲಿಯೇ ವಿಧಿಸಿ, ತರ, ತಮ, ಈಯಸ್, ಇಷ್ಠ ಎಂಬ ಪ್ರತ್ಯಯಗಳನ್ನು ಐದನೆಯ ಅಧ್ಯಾಯಕ್ಕೆ ಬಿಟ್ಟಿದ್ದನು. ಲ್ಯಾಟಿನ್ನಿನ ಇಯೊರ್ ಮತ್ತು ಸಂಸ್ಕೃತದ ಈಯಸ್ ಒಂದೇ ಮೂಲದವು. ಅಷ್ಟೇ ಅಲ್ಲ, ಒಳ್ಳೆಯದರ ತರತಮವನ್ನು ಹೇಳುವಾಗ ಅಲ್ಲಿ ಬೊನುಸ್, ಮೆಲಿಯೊರ್, ಒಪ್ತಿಮುಸ್ ಎಂದೂ ಇಲ್ಲಿ ಪ್ರಶಸ್ಯ, ಶ್ರೇಯಸ್, ಶ್ರೇಷ್ಠ ಎಂದೂ ಧಾತುವೇ ಬದಲಾಗುವ ವಕ್ರತೆಯೂ ಎರಡಕ್ಕೂ ಸಮಾನವಾಗಿದೆ. (ಶ್ರೇಷ್ಠವೇ ಪರಮಾವಧಿಯಾಗಿರಲು ‘ಶ್ರೇಷ್ಠತಮ’ವೆಂದು ಬರೆಯುವವರ ಉತ್ಸಾಹಕ್ಕೆ ಏನೆನ್ನೋಣ!)

ಕನ್ನಡಕ್ಕೆ ಇಂತಹ ಸ್ವಂತ ಪ್ರತ್ಯಯವಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ತರತಮಕ್ಕೆಂದು ಪ್ರತ್ಯೇಕ ಪ್ರಕರಣವಿಲ್ಲ. ಲ್ಯಾಟಿನ್ ಅಚ್ಚಿನಲ್ಲಿ ವ್ಯಾಕರಣವನ್ನು ಕಲಿತ ಪಾಶ್ಚಾತ್ಯರು, 1817ರಲ್ಲಿ ಸೆರಾಂಪುರದಿಂದ ಕನ್ನಡ ವ್ಯಾಕರಣವನ್ನು ಪ್ರಕಟಿಸಿದ ಕೇರಿಯಿಂದ ಮೊದಲ್ಗೊಂಡು 1903ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ ಕಿಟ್ಟೆಲರವರೆಗೆ, ನಮ್ಮ ನುಡಿಯನ್ನು ಪರಿಶೀಲಿಸಿದಾಗ ಅವರ ಮುಂದಿದ್ದುದು ವಿಶೇಷಣವು ಸ್ವತಃ ರೂಪಾಂತರ ಹೊಂದದ ಭಾಷೆ. ಹೋಲಿಕೆಯ ಭಾರವನ್ನೆಲ್ಲ ಇಲ್ಲಿ ವಿಭಕ್ತಿಯೇ ಹೊರುತ್ತದೆ: ಹಳಗನ್ನಡದಲ್ಲಿ ‘ಅದಱಿಂ ಪಿರಿದು’, ಇಂದು ‘ಅದಕ್ಕಿಂತ ಹಿರಿದು’. ಇದನ್ನು ನ್ಯೂನತೆಯೆಂದು ಬಗೆಯುವುದು ಅವಿಚಾರ. ಲ್ಯಾಟಿನ್ನಿನ ಸಂತತಿಯಾದ ಫ್ರೆಂಚ್, ಇಟಾಲಿಯನ್ ಭಾಷೆಗಳೇ ಕೆಲವು ಅವಶೇಷಗಳ ಹೊರತು ಆ ಪ್ರತ್ಯಯವನ್ನು ತೊರೆದು, ‘ಹೆಚ್ಚು’ ಎಂಬರ್ಥದ ಪದವನ್ನು ಮುಂದಿರಿಸಿ ವ್ಯವಹರಿಸುತ್ತಿವೆ.

ಈ ಮಾತು ಗಡಿನಾಡಿನಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ರಾಯಬಾಗವು ಕೊಲ್ಹಾಪುರ ಸಂಸ್ಥಾನಕ್ಕೂ, ಚಿಕ್ಕೋಡಿ ಅಥಣಿಗಳು ಮುಂಬಯಿ ಪ್ರಾಂತಕ್ಕೂ ಸೇರಿದ್ದ ಕಾಲದಿಂದಲೂ ಇಲ್ಲಿ, ಕಾಗವಾಡದ ಆಚೀಚೆಯಲ್ಲಿಯೂ, ಮರಾಠಿ ಕನ್ನಡಗಳೆರಡೂ ಒಂದೇ ಸಂತೆಯಲ್ಲಿ ಓಡಾಡಿವೆ. ಸಂಸ್ಕೃತದ ವಂಶಜೆಯಾದರೂ ಮರಾಠಿಯ ಆಡುಮಾತು ತರತಮಪ್ರತ್ಯಯಗಳನ್ನು ಬಿಟ್ಟು, ‘ತ್ಯಾಪೇಕ್ಷಾ ಮೋಠಾ’, ‘ತ್ಯಾಹೂನ್ ಮೋಠಾ’ ಎಂದು ಕನ್ನಡದ ರೀತಿಯಲ್ಲಿಯೇ ಹೋಲಿಸುತ್ತದೆ. ಸಂಸ್ಕೃತಕ್ಕೂ ಮರಾಠಿಗೂ ನಡುವಣ ಸೇತುವಾದ ಪ್ರಾಕೃತದ ಮಹಾಪಂಡಿತರೊಬ್ಬರನ್ನು ಈ ಪ್ರದೇಶವೇ ನಾಡಿಗೆ ಕೊಟ್ಟಿತು. ಚಿಕ್ಕೋಡಿ ತಾಲೂಕಿನ ಸದಲಗದಲ್ಲಿ 1906ರಲ್ಲಿ ಜನಿಸಿದ ಆ. ನೇ. ಉಪಾಧ್ಯೆಯವರು ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಅರ್ಧಮಾಗಧಿಯ ಪ್ರಾಧ್ಯಾಪಕರಾಗಿ, 1935ರಲ್ಲಿ ಕುಂದಕುಂದಾಚಾರ್ಯರ ಪ್ರವಚನಸಾರವನ್ನು ವಿಸ್ತಾರವಾದ ಪೀಠಿಕೆಯೊಡನೆ ಸಂಪಾದಿಸಿದರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು.

ಆದುದರಿಂದ ಈ ಸೀಮೆಯ ಅಧ್ಯಾಪಕರಲ್ಲಿ ಒಂದು ವಿಜ್ಞಾಪನೆ: ಇಂಗ್ಲಿಷ್ ಪಾಠದ ಮೂರು ಮೆಟ್ಟಿಲುಗಳನ್ನು ಕನ್ನಡದ ಮೇಲೆ ಹೇರದೆ, ‘ಗಿಂತ’ವನ್ನು ವಿಭಕ್ತಿಯ ಪ್ರಕರಣದಲ್ಲಿಯೇ, ವಿದ್ಯಾರ್ಥಿಯ ಮನೆಮಾತಿನ ಉದಾಹರಣೆಗಳಿಂದ ಕಲಿಸಿರಿ.