ಹೆಡಗೆಗೂ ಒಂದು ಚರಿತ್ರೆ

ಬಸರೂರಿನ ರೇವಿನಿಂದ ಅಕ್ಕಿ ಹೇರಿಕೊಂಡು ಹಡಗುಗಳು ಹೊರಡುತ್ತಿದ್ದ ಸಂಗತಿ ಚರಿತ್ರೆಯ ಪುಸ್ತಕಗಳಲ್ಲಿ ಧಾರಾಳವಾಗಿ ಸಿಕ್ಕುತ್ತದೆ. ಪೋರ್ಚುಗೀಜರು ಅದಕ್ಕಾಗಿ ಕಾದಾಡಿದರು. 1665ರಲ್ಲಿ ಶಿವಾಜಿ ಕಡಲ ಮಾರ್ಗವಾಗಿ ಬಂದು ಆ ಪಟ್ಟಣವನ್ನು ಸೂರೆಮಾಡಿದ. ಆದರೆ ಈ ಸೀಮೆಯ ಬತ್ತವನ್ನು ಗದ್ದೆಯಿಂದ ಅಂಗಳಕ್ಕೆ ಹೊತ್ತುತಂದ ಹೆಡಗೆಗಳನ್ನು ಹೆಣೆದವರು ಯಾರು? ಕುಂದಾಪುರದಲ್ಲಿ ಏರ್ಪಟ್ಟಿದ್ದ ಕಲೆ ಹಾಗೂ ಕೈಕಸುಬುಗಳ ಪ್ರದರ್ಶನವೊಂದನ್ನು ನೋಡಿಬಂದ ಮೇಲೆ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಬಾಗಿಲ ಬಳಿಯ ಮೇಜಿನ ಮೇಲೆ ಕೈಮಗ್ಗದ ಉಡುಪಿ ಸೀರೆಗಳಿದ್ದವು. ಹಗುರವಾದ ಹತ್ತಿಯ ನೂಲು, ಕಣ್ಣಿಗೆ ಹಿತವಾದ ಬಣ್ಣ. ಹತ್ತೊಂಬತ್ತನೆಯ ಶತಮಾನದ ನಡುವೆ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆ ತೆರೆದು ಹೊಸ ಬಗೆಯ ಮಗ್ಗಗಳನ್ನು ಕರಾವಳಿಗೆ ಪರಿಚಯಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಅವರ ಉದ್ದಿಮೆಗಳು ಬೇರೆಯವರ ಪಾಲಾದವು. ಕಲಿತ ಕೈಗಳು ಮಾತ್ರ ಕಸುಬನ್ನು ಮರೆಯಲಿಲ್ಲ. 2016ರಲ್ಲಿ ಉಡುಪಿ ಸೀರೆಗೆ ಭೌಗೋಳಿಕ ಸೂಚಕದ ಮನ್ನಣೆಯೂ ಬಂತು.

ಮುಂದೆ ಉಪ್ಪಿನಕುದ್ರುವಿನ ಸೂತ್ರದ ಗೊಂಬೆಗಳು. ಹೊಳೆಯ ನಡುಗಡ್ಡೆಗೆ ಇಲ್ಲಿಯವರು ಕುದ್ರು ಎನ್ನುತ್ತಾರೆ. ಅಲ್ಲಿನ ಕಾಮತ ಮನೆತನ ತಲೆಮಾರುಗಳಿಂದ ಕುಣಿಸುತ್ತ ಬಂದ ಈ ಗೊಂಬೆಗಳದು ಅಪ್ಪಟ ಬಡಗುತಿಟ್ಟಿನ ವೇಷ: ಮುಂಡಾಸು, ಭುಜಕೀರ್ತಿ, ಚೌಕಳಿಯ ಕಸೆ ಸೀರೆ. ಕೊಗ್ಗ ಕಾಮತರಿಗೆ 1980ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂದುದನ್ನು ಈ ಕಡೆಯವರು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ.

ಎಲ್ಲಕ್ಕೂ ಕೊನೆಯಲ್ಲಿ, ನೆಲದ ಮೇಲೆ, ಬೈಂದೂರಿನ ಕಡೆಯ ಕೊರಗರು ಹೆಣೆದ ಹೆಡಗೆ, ಕುಕ್ಕೆ, ಗೆರಸೆಗಳು. ಒಂದನ್ನು ಎತ್ತಿ ನೋಡಿದೆ. ಮೊಳೆಯಿಲ್ಲ, ಅಂಟಿಲ್ಲ, ಬೀಳು ಬೀಳನ್ನೇ ಹಿಡಿದು ನಿಂತಿದೆ. ಎಷ್ಟು ದಿನದ ಕೆಲಸವೆಂದು ಕೇಳಿದೆ. "ಹೆಣುಕೆ ಒಂದ್ ದಿನ ಸಾಕ್, ಬೀಳ್ ಹುಡ್ಕುಕೆ ಎರಡ್ ದಿನ ಬೇಕ್ ಕಾಣಿ" ಎಂದಳು ಹತ್ತಿರ ಕುಳಿತಿದ್ದ ಹೆಂಗಸು. ಸೀರೆಗೂ ಗೊಂಬೆಗೂ ವಿವರದ ಚೀಟಿಗಳಿದ್ದವು. ಇಲ್ಲಿ ಬೆಲೆ ಬರೆದ ಚೀಟಿ ಮಾತ್ರ.

ಚೀಟಿಯಲ್ಲಿ ಬರೆಯುವುದಕ್ಕೆ ಸಂಗತಿಯಿಲ್ಲದೆ ಹೋಯಿತೇ? ಹುಬಾಶಿಕನೆಂಬ ಅರಸನ ಕಾಲದಲ್ಲಿ ಕೊರಗರೇ ಈ ನಾಡನ್ನು ಆಳಿದ್ದರೆಂಬ ಐತಿಹ್ಯವುಂಟು. 1801ರಲ್ಲಿ ಕರಾವಳಿಯನ್ನು ಹಾದುಹೋದ ಬುಕನನ್ನನೂ ಅದನ್ನು ಬರೆದುಕೊಂಡಿದ್ದಾನೆ. ಐತಿಹ್ಯ ಹೇಗಾದರೂ ಇರಲಿ, ಆಮೇಲಿನ ಕಥೆಯಲ್ಲಿ ಸಂಶಯಕ್ಕೆ ಎಡೆಯಿಲ್ಲ. ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ಉಣ್ಣಿಸಿ, ತಮ್ಮ ಮನೆಯ ಕಂಟಕ ಅವರಿಗೆ ದಾಟಿತೆಂದು ನೆಮ್ಮದಿಪಡುತ್ತಿದ್ದ ಜನ ನಮ್ಮವರೇ. ಅಜಲು ಎಂಬ ಆ ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ ಸರಕಾರ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ಅದೂ ಯಾವಾಗ? 2000ದಲ್ಲಿ! ಕರ್ನಾಟಕದಲ್ಲಿ ವಿಶೇಷ ದುರ್ಬಲ ಬುಡಕಟ್ಟುಗಳೆಂದು ಕೇಂದ್ರ ಸರಕಾರ ಗುರುತಿಸಿರುವುದು ಎರಡನ್ನೇ: ಜೇನುಕುರುಬರು ಮತ್ತು ಕೊರಗರು.

ಒಂದು ಕಸುಬಿಗೆ ಮುದ್ರೆ, ಇನ್ನೊಂದಕ್ಕೆ ಪ್ರಶಸ್ತಿ. ಮೂರನೆಯದರ ಕುಶಲಿಗಳಿಗೆ ದೊರೆತದ್ದು ಅವಮಾನದ ವಿರುದ್ಧ ಒಂದು ಕಾಯಿದೆ. ನೇಕಾರರಿಗೂ ಗೊಂಬೆಯಾಟದವರಿಗೂ ಸಂದ ಗೌರವ ಹೆಚ್ಚಾಯಿತೆಂದು ನಾನು ಹೇಳುತ್ತಿಲ್ಲ. ಅವರ ಕಷ್ಟಗಳು ಅವರಿಗಿವೆ. ಆದರೆ ಊರಿನ ಬತ್ತವೆಲ್ಲ ಯಾರ ಹೆಡಗೆಯಲ್ಲಿ ಅಂಗಳಕ್ಕೆ ಬಂತೋ ಅವರನ್ನು ಅಂಗಳದ ಹೊರಗೇ ನಿಲ್ಲಿಸಿದ ಸಮಾಜ, ಇಂದು ಅದೇ ಹೆಡಗೆಯನ್ನು ಕಲೆಯೆಂದು ಮೆಚ್ಚುವಾಗ ಲೆಕ್ಕವನ್ನೂ ಒಪ್ಪಿಸಬೇಡವೇ?

ಈಗ ಪ್ಲಾಸ್ಟಿಕ್ಕಿನ ಬುಟ್ಟಿ ಅಗ್ಗ, ಕಾಡಿನ ಬೀಳು ದುರ್ಲಭ. ಹೆಣೆಯುವ ಕೈಗಳಿಗೆ ಬೀಳು ಸಿಗುವಂತೆಯೂ, ಮೂರು ದಿನದ ದುಡಿಮೆಗೆ ತಕ್ಕ ಬೆಲೆ ಬರುವಂತೆಯೂ ನೋಡಿಕೊಳ್ಳಬೇಕು. ಪ್ರದರ್ಶನ ನಡೆಸುವವರು ಆ ಹೆಡಗೆಗಳನ್ನು ನೆಲದಿಂದೆತ್ತಿ ಮೇಜಿನ ಮೇಲಿಡಲಿ. ಬೆಲೆಯ ಪಕ್ಕದಲ್ಲಿ ಹೆಣೆದವರ ಹೆಸರನ್ನೂ ಬರೆಯಲಿ.